ಹಸಿರು ಚುಕ್ಕೆಯ ಬಾರ್ಬೆಕ್ಯೂ

ಬೆಂಕಿಯಿಲ್ಲದೆ ಹೊಗೆಯಾಡದು ಎಂದು ನಂಬಿ ಬದುಕಿದ ಹಿರಿಯರು ಬಾರ್ಬೆಕ್ಯೂ ಫ್ಲೇವರಿನ ಆಲೂಗಡ್ಡೆ ಚಿಪ್ಸನ್ನು ಕಂಡವರಲ್ಲ. ನಾನು ಕೊಂಡು ತಂದ ಪೊಟ್ಟಣದ ಮೇಲೆ ಜ್ವಾಲೆ ಧಗಧಗಿಸುತ್ತಿತ್ತು. ಕಬ್ಬಿಣದ ಸರಳುಗಳ ಮೇಲೆ ಏನೋ ಒಂದು ಬೇಯುತ್ತಿತ್ತು. ಅದೇನೆಂದು ತಿಳಿಯದಂತೆ ಚಿತ್ರಕಾರರು ಎಚ್ಚರ ವಹಿಸಿದ್ದರು, ಏಕೆಂದರೆ ಅದರ ಕೆಳಗೆಯೇ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಪರಮ ಸಾತ್ವಿಕವಾಗಿ ಕುಳಿತಿತ್ತು.

ತೆರೆದೊಡನೆ ಹೊರಬಂದದ್ದು ಹೊಗೆಯಲ್ಲ, ಸಾರಜನಕ. ಎಣ್ಣೆ ಕಮಟು ಹಿಡಿಯದಂತೆ, ಚಿಪ್ಸ್ ಪುಡಿಯಾಗದಂತೆ ಅದನ್ನು ತುಂಬುತ್ತಾರೆಂಬುದು ನ್ಯಾಯವೇ. ಆದರೂ ಬಿಟ್ಟಿ ಸಿಗುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇರುವಾಗ ಅಷ್ಟು ದೊಡ್ಡ ಪೊಟ್ಟಣವನ್ನು ಹೊತ್ತು ತಂದೆನಲ್ಲಾ ಎಂಬ ಸಂಕೋಚ ನನಗಾಯಿತು.

ಮೊದಲ ಚೂರು ಸಿಹಿಯಾಗಿತ್ತು. ಬೆನ್ನಿಗೇ ಹುಳಿ, ಆಮೇಲೆ ಈರುಳ್ಳಿ ಬೆಳ್ಳುಳ್ಳಿಯ ಪುಡಿ, ಕಟ್ಟಕಡೆಗೆ ಪಕ್ಕದ ಬೀದಿಯಲ್ಲಿ ಯಾರೋ ತರಗೆಲೆ ಸುಡುತ್ತಿದ್ದಾರೆಂಬಂಥ ಒಂದು ಅನುಮಾನ. ಅನುಮಾನ ಪರಿಹಾರಕ್ಕಾಗಿ ಕನ್ನಡಕ ಬದಲಿಸಿ ಪೊಟ್ಟಣದ ಬೆನ್ನು ಓದಿದೆ. ಸಕ್ಕರೆ, ಉಪ್ಪು, ಟೊಮೇಟೊ ಪುಡಿ, ಆಮ್ಲೀಯತೆಗೆ 330 ಮತ್ತು 296, ರುಚಿವರ್ಧಕಗಳಾಗಿ 627 ಮತ್ತು 631 ಎಂದು ಬರೆದಿತ್ತು. ಈ 631 ಬಹಳ ಸ್ವಾರಸ್ಯದ ಆಸಾಮಿ: ಮಾಂಸಕ್ಕೆ, ಮೀನಿಗೆ ಸಹಜವಾಗಿ ರುಚಿ ಕೊಡುವ ಇನೋಸಿನೇಟಿನ ಲವಣ ಇದು, ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ಇದನ್ನು ಪಡೆಯಬಹುದಾದ್ದರಿಂದ ತುಳಸಿಮಾಲೆ ಧರಿಸಿ ಹಸಿರು ಚುಕ್ಕೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತದೆ. ಸುವಾಸನೆಯ ಬಗ್ಗೆ ‘ನಿಸರ್ಗಸದೃಶ’ ಎಂಬ ವಿವರಣೆಯಿತ್ತು, ಎಂದರೆ ನಿಸರ್ಗವನ್ನು ಹೋಲುತ್ತದೆ, ಆದರೆ ನಿಸರ್ಗದ ಮನೆಯಿಂದ ಬಂದುದಲ್ಲ. ಮುಂಭಾಗದ ಬೆಂಕಿಗೆ ಸಂಬಂಧಿಸಿದಂತೆ, ಇರುವೆ ಮಾತ್ರ ಓದಬಲ್ಲ ಅಕ್ಷರಗಳಲ್ಲಿ, ಚಿತ್ರವು ಕೇವಲ ಸಾಂಕೇತಿಕವೆಂದು ತಿಳಿಸಲಾಗಿತ್ತು.

ಯುರೋಪಿನ ಒಕ್ಕೂಟವು ಆರೋಗ್ಯದ ಆತಂಕದಿಂದ ಎಂಟು ಹೊಗೆ ಫ್ಲೇವರುಗಳ ಪರವಾನಗಿಯನ್ನು ನವೀಕರಿಸದಿರಲು 2024ರಲ್ಲಿ ನಿರ್ಧರಿಸಿತು. ಪಾಪ, ಅಲ್ಲಿನವರು ಸೌದೆ ಸುಟ್ಟು, ಹೊಗೆ ಹಿಡಿದು, ಅದನ್ನು ತಣಿಸಿ ದ್ರವ ಮಾಡುವ ಸಾಹಸಕ್ಕೆ ಕೈಹಾಕಿದ್ದರಿಂದ ಸಿಕ್ಕಿಬಿದ್ದರು. ನನ್ನ ಪೊಟ್ಟಣದ ಪಟ್ಟಿಯಲ್ಲಿ ಹೊಗೆಯೆಂಬ ಪದವೇ ಇಲ್ಲದಿರುವುದರಿಂದ ನಾನು ಸುರಕ್ಷಿತ.

ಹಲಸಿನ ಹಪ್ಪಳವನ್ನು ಇಂದಿಗೂ ಕೆಂಡದ ಮೇಲೆ ಸುಟ್ಟುಕೊಡುವ ನಮ್ಮ ದೊಡ್ಡಮ್ಮನಿಗೆ ಎರಡು ಚೂರು ಕೊಟ್ಟೆ. ಅವರು ಪೊಟ್ಟಣದ ಜ್ವಾಲೆಯನ್ನೊಮ್ಮೆ, ಅಂಗೈಯ ಚಿಪ್ಸನ್ನೊಮ್ಮೆ ನೋಡಿ, “ಇದನ್ನು ಸುಡುವುದಕ್ಕೇ ಮರೆತಿದ್ದಾರಲ್ಲೋ ಮಾರಾಯ” ಎನ್ನುತ್ತಾ ಉಳಿದದ್ದನ್ನು ಒಲೆಯ ಬಳಿಗೆ ಒಯ್ದರು.