ಮೊಬೈಲಿಗೆ ಬಂದ ಗುಳಿಮಣೆ

ನೋಕಿಯಾ 3310 ಇಟ್ಟುಕೊಂಡಿದ್ದವರಲ್ಲಿ ಹಾವಿನ ಆಟ ಆಡದವರು ಸಿಗುವುದು ಕಷ್ಟ. ಅದೇ ಪಟ್ಟಿಯಲ್ಲಿ ಬಂಟುಮಿ ಅಂತ ಇನ್ನೊಂದು ಆಟವಿತ್ತು. ತೆರೆದರೆ ಎರಡು ಸಾಲು ಗುಳಿ, ಒಳಗೆ ಕಾಳು. ಬಹಳ ಮಂದಿ ತಲೆಬುಡ ತಿಳಿಯದೆ ವಾಪಸ್ ಹಾವಿನ ಹತ್ತಿರವೇ ಹೋದರು. ಅಳಗುಳಿಮಣೆಯೋ ಚೆನ್ನೆಮಣೆಯೋ ಇದ್ದ ಮನೆಯವರಿಗೆ ಮಾತ್ರ ‘ಅರೆ, ಇದು ಅಜ್ಜಿ ಆಡುತ್ತಿದ್ದದ್ದಲ್ಲವೇ’ ಅನ್ನಿಸಿರಬೇಕು. ಆದರೆ ಅದು ಅಜ್ಜಿಯ ಆಟವಲ್ಲ. ಹೆಸರಿನಲ್ಲಿ ಆಫ್ರಿಕದ ಸದ್ದಿದ್ದರೂ ಪೂರ್ತಿ ಆಫ್ರಿಕದ್ದೂ ಅಲ್ಲ. ಒಳಗಿದ್ದದ್ದು 1940ರಲ್ಲಿ ವಿಲಿಯಂ ಚಾಂಪಿಯನ್ ಎಂಬ ಅಮೆರಿಕದವರು ರೂಪಿಸಿದ ಕಲಾಹ್ ಆಟದ ನಿಯಮ. ಇಂಥ ಗುಳಿ-ಕಾಳಿನ ಆಟಗಳಿಗೆಲ್ಲ ಒಟ್ಟಾಗಿ ಮಂಕಾಲಾ ಎನ್ನುತ್ತಾರೆ. ಈಗಲೂ ಮೊಬೈಲಿನಲ್ಲಿ ‘ಮಂಕಾಲಾ’ ಹುಡುಕಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಅದೇ.

ಆಫ್ರಿಕದ ಘಾನಾದಲ್ಲಿ ಆಡುವ ಗುಳಿಮಣೆ ಓವಾರೆ ಬೇರೆ. ಸಾಲಿಗೆ ಆರು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 48. ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಕಾಯಿ ಬಿಡುತ್ತಾ ಹೋಗಬೇಕು. ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಿಮ್ಮ ಪಾಲು. ಎದುರಿನವನ ಸಾಲು ಖಾಲಿಯಾಗಿದ್ದರೆ, ಸಾಧ್ಯವಿರುವ ತನಕ ಅವನಿಗೆ ಕಾಯಿ ಮುಟ್ಟುವ ನಡೆಯನ್ನೇ ಆಡಬೇಕು. ಉಪವಾಸ ಕೆಡವಿ ಗೆಲ್ಲುವಂತಿಲ್ಲ, ನೋಡಿ! ಇನ್ನು ಕಾಯಿಯಂತೂ ನಮಗೆ ಚೆನ್ನಾಗಿ ಗುರುತಿರುವ ಗಜ್ಜುಗ. ಹುಡುಗರು ಕಲ್ಲಿಗೆ ತಿಕ್ಕಿ ಪಕ್ಕದವನ ತೊಡೆಗೆ ಚುರುಕ್ಕೆನಿಸುತ್ತಾರಲ್ಲ, ಅದೇ ಬೂದು ಬಣ್ಣದ ಬೀಜ.

ಪರದೆಯ ಗಜ್ಜುಗ ಬಿಸಿಯಾಗುವುದಿಲ್ಲ, ಹೋಗಲಿ. ಗುಳಿಯ ಪಕ್ಕದಲ್ಲಿ ಕಾಯಿಗಳ ಸಂಖ್ಯೆ ಬರೆದಿರುತ್ತದಲ್ಲ, ನನ್ನ ತಕರಾರು ಅದರ ಮೇಲೆ. ಹನ್ನೊಂದು ಕಾಯಿ ಬಿಟ್ಟರೆ ಕೊನೆಯದು ಹೊರಟ ಗುಳಿಯ ಹಿಂದಿನ ಗುಳಿಗೆ ಬೀಳುತ್ತದೆ. ಹನ್ನೆರಡಾದರೆ ಹೊರಟ ಗುಳಿಯನ್ನು ಹಾರಿ ಅದರ ಮುಂದಿನದಕ್ಕೆ. ರಾಶಿ ನೋಡಿ ಹನ್ನೊಂದೋ ಹನ್ನೆರಡೋ ಅಂತ ಕಣ್ಣಳತೆಯಲ್ಲೇ ಹಿಡಿಯುವುದು ಅರ್ಧ ಆಟ. ಅಂಕಿ ತೋರಿಸಿಬಿಟ್ಟ ಮೇಲೆ ಉಳಿಯುವುದು ಕೂಡಿಸು ಕಳೆ. ಅದರಲ್ಲಿ ಯಂತ್ರದ ಮುಂದೆ ನಾವು ಯಾವ ಲೆಕ್ಕ? 2002ರಲ್ಲಿ ಆಮ್‌ಸ್ಟರ್‌ಡಾಮಿನ ಕಂಪ್ಯೂಟರ್ ವಿಜ್ಞಾನಿಗಳಾದ ಜಾನ್ ರೋಮೈನ್ ಮತ್ತು ಹೆನ್ರಿ ಬಾಲ್ 144 ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸಿ, ಓವಾರೆಯಲ್ಲಿ ಬರಬಹುದಾದ ಸುಮಾರು 88,906 ಕೋಟಿ ಸ್ಥಿತಿಗಳನ್ನೂ ಜಾಲಾಡಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಡ್ರಾ ಅಂತ ಉತ್ತರ ಬಂತು. ಅಷ್ಟು ಕರೆಂಟು ಸುಟ್ಟು ಸಿಕ್ಕ ಫಲಿತಾಂಶ ರಾಜಿ!

ಪ್ರೋಗ್ರಾಂ ಬರೆಯುವವರ ಪಾಡೂ ಸುಲಭದ್ದಲ್ಲ. ಒಂದೇ ಏಟಿಗೆ ಎದುರಾಳಿಯ ಕಾಯಿಯನ್ನೆಲ್ಲ ಬಾಚುವಂತಿದ್ದರೆ ಏನು ಮಾಡುವುದು? ಒಂದು ಪದ್ಧತಿಯಲ್ಲಿ ಆ ನಡೆಯೇ ನಿಷಿದ್ಧ, ಇನ್ನೊಂದರಲ್ಲಿ ಆಡಬಹುದು, ಕಾಯಿ ಮಾತ್ರ ದಕ್ಕುವುದಿಲ್ಲ. ಮಣೆಯ ಮುಂದೆ ಕೂತವರಾದರೆ ವಾದ ಮಾಡಿ ಇತ್ಯರ್ಥ ಮಾಡಿಕೊಂಡಾರು. ಪ್ರೋಗ್ರಾಮಿಗೆ ಮೊದಲೇ ಹೇಳಿಟ್ಟಿರಬೇಕು. ಸೆಟ್ಟಿಂಗ್ಸಿನಲ್ಲಿ ಎರಡು ಮೂರು ಪದ್ಧತಿ ಕೊಟ್ಟು ‘ನಿಮಗೆ ಹೇಗೆ ರೂಢಿಯೋ ಹಾಗೆ’ ಎನ್ನುವ ಆ್ಯಪ್ ಕಂಡರೆ ನನಗೆ ಗೌರವ.

ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದ ಗುಳಿಮಣೆ ಬಾವೊ ವಿಷಯದಲ್ಲಿ ಮಾತ್ರ ನಾನು ಪರದೆಯ ಪಕ್ಷ. ನಾಲ್ಕು ಸಾಲು, 32 ಗುಳಿ, 64 ಕಾಯಿ. ಒಂದೇ ನಡೆ ನಿಲ್ಲದೆ ಸುತ್ತು ಹೊಡೆಯಬಹುದು. ಪಳಗಿದವರ ಕೈ ಓಡುವಾಗ ಹೊಸಬರಿಗೆ ಏನೂ ಹತ್ತುವುದಿಲ್ಲ, ‘ಇನ್ನೊಮ್ಮೆ ಆಡಿ ತೋರಿಸಿ’ ಎನ್ನಲು ಸಂಕೋಚ. ಕಂಪ್ಯೂಟರಿಗೆ ಎಷ್ಟು ಸಲ ಹೇಳಿದರೂ ಬೇಸರವಿಲ್ಲ.