ಸುಮ್ನೆ ಕೂರಲು ಲೆವೆಲ್ ಒಂದು

ನನಗೆ ಕೂರಲು ಬರುವುದಿಲ್ಲವಂತೆ. ಗೊತ್ತಾಗಿದ್ದು ಮೊನ್ನೆ, ಯೋಗ ತರಗತಿಯಲ್ಲಿ. ಕುರ್ಚಿ ಬಿಟ್ಟು ಏಳದೆ ಮೂವತ್ತು ವರ್ಷ ಸಂಬಳ ಎಣಿಸಿದವನು ನಾನು. ಆದರೂ ಇನ್ನೂ ಲೆವೆಲ್ ಒಂದು!

ಈ ವಿಷಯದಲ್ಲಿ ಪತಂಜಲಿ ಮಹಾ ಜಿಪುಣ. ಯೋಗಸೂತ್ರಗಳು ಒಟ್ಟು 195, ಕೆಲವರ ಲೆಕ್ಕದಲ್ಲಿ 196. ಅದರಲ್ಲಿ ಆಸನದ ಪಾಲಿಗೆ ಬಂದದ್ದು ಮೂರೇ ಮೂರು. 'ಸ್ಥಿರಸುಖಮಾಸನಮ್' ಎಂದರು. ಅಲ್ಲಾಡದೆ, ಹಾಯಾಗಿ ಕೂರು ಅಂತ. ಮೊಣಕಾಲು ಎಷ್ಟು ಡಿಗ್ರಿ ಮಡಚಬೇಕು, ಚಾಪೆ ಯಾವ ಬಣ್ಣದ್ದು, ಒಂದೂ ಹೇಳಲಿಲ್ಲ. ಪಾಪ, ಸಿಲೆಬಸ್ ಮಾಡಲು ಬಾರದ ಮನುಷ್ಯ.

ಆಮೇಲಿನವರು ಕೈ ಧಾರಾಳ ಮಾಡಿದರು. 15ನೇ ಶತಮಾನದ ಹಠಯೋಗ ಪ್ರದೀಪಿಕೆ ಎಂಬ ಗ್ರಂಥ 15 ಆಸನ ಹೇಳಿತು. 1966ರಲ್ಲಿ ಬಿ.ಕೆ.ಎಸ್. ಅಯ್ಯಂಗಾರರ ಪುಸ್ತಕ ಬರುವ ಹೊತ್ತಿಗೆ ಸಂಖ್ಯೆ ಸುಮಾರು 200. ಇರಲಿ, ಅವರು ತಮ್ಮ ಬೆನ್ನನ್ನೇ ಬಗ್ಗಿಸಿ ಕಲಿತವರು. ಈಗಿನವರು ಬಗ್ಗಿಸುವುದು ನಮ್ಮದನ್ನು. ಯೋಗ ಶಿಕ್ಷಕರ 200 ಗಂಟೆ ಕೋರ್ಸ್ ಮುಗಿಸಿದರೆ ನೀವೂ ಬಗ್ಗಿಸಬಹುದು.

ನಾನು ಸೇರಿದ್ದು 'ಪ್ರಾಚೀನ ಯೋಗದ ಆಧುನಿಕ ವ್ಯವಸ್ಥಿತ ರೂಪ'ಕ್ಕೆ. ಏಳು ಲೆವೆಲ್, ಒಂದು ಆ್ಯಪ್. ಚಿತ್ತವೃತ್ತಿ ನಿರೋಧ, ಅಂದರೆ ಮನಸ್ಸಿನ ಅಲೆದಾಟ ನಿಲ್ಲಿಸುವುದು, ಲೆವೆಲ್ ಐದರಲ್ಲಿ ಅನ್‌ಲಾಕ್ ಆಗುತ್ತದೆ. ಅಪರಿಗ್ರಹದ ಪಾಠ ಮೊದಲ ವಾರವೇ ಆಯಿತು. ಬೇಡದ್ದನ್ನು ಕೂಡಿಡಬಾರದು ಎಂದು ಮೇಷ್ಟ್ರು ಚೆನ್ನಾಗಿಯೇ ಹೇಳಿದರು. ಪಾಠ ಮುಗಿದ ಮೇಲೆ ಕಿಟ್ ಹಂಚಿದರು: ಚಾಪೆ, ಎರಡು ಬ್ಲಾಕ್, ಬೆಲ್ಟ್, ದಿಂಬು, ಇದನ್ನೆಲ್ಲ ಹೊರಲು ಒಂದು ಚೀಲ. ಕಡ್ಡಾಯ.

ಬೆವರಿಳಿಸುವ ಬಿಸಿ ಕೋಣೆಯ 26 ಆಸನಗಳ ಸರಣಿ ತನ್ನದೇ ಸ್ವತ್ತು ಎಂದು ಯೋಗಗುರು ಬಿಕ್ರಮ್ ಚೌಧರಿ ಅಮೆರಿಕದಲ್ಲಿ ಕೋರ್ಟು ಹತ್ತಿದ್ದರು. ಅದು ಬರೀ ಪದ್ಧತಿ, ಪದ್ಧತಿಗೆ ಕಾಪಿರೈಟ್ ಇಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಕೈ ಆಡಿಸಿಬಿಟ್ಟಿತು. ಉಸಿರಾಟಕ್ಕೂ ಹಕ್ಕು ಕೇಳುವವರು ಇದ್ದಾರೆ, ಎಚ್ಚರ.

ಕೊನೆಗೆ ಶವಾಸನ. "ಎಲ್ಲವನ್ನೂ ಬಿಟ್ಟುಬಿಡಿ, ಹೆಣದ ಹಾಗೆ ಮಲಗಿ" ಎಂದರು ಮೇಷ್ಟ್ರು. ದೀಪ ಆರಿತು. ಎರಡನೇ ನಿಮಿಷಕ್ಕೆ ಪಕ್ಕದ ಹೆಣದ ಕೈಗಡಿಯಾರ ಗುರ್ ಎಂದಿತು. 'ತುಂಬಾ ಹೊತ್ತಿನಿಂದ ಅಲ್ಲಾಡಿಲ್ಲ, ಎದ್ದು ನಡೆಯಿರಿ' ಅಂತ ಸಂದೇಶ. ಹೆಣ ಎದ್ದು, ಕತ್ತಲಲ್ಲೇ ಕೋಣೆಗೆ ಒಂದು ಸುತ್ತು ಹಾಕಿ, ನನ್ನ ಕಾಲು ತುಳಿದು, ಮತ್ತೆ ಸತ್ತಿತು.

ನಾನು ಮಾತ್ರ ಅಲ್ಲಾಡಲಿಲ್ಲ. ನಿಜಕ್ಕೂ ಹಾಯಾಗಿತ್ತು ಕಣ್ರೀ, ನಿದ್ದೆಯೇ ಬಂತು. ಸಂಜೆ ಆ್ಯಪ್‌ನಲ್ಲಿ ಫಲಿತಾಂಶ ಬಂದಿತ್ತು. ಪಕ್ಕದವರು ಲೆವೆಲ್ ಎರಡು. ನನ್ನ ಹೆಸರಿನ ಮುಂದೆ ಕೆಂಪು ಅಕ್ಷರ: 'ಶವಾಸನ: ಗೊರಕೆ. ಮರುಪರೀಕ್ಷೆ.'