ಮುಚ್ಚಳ ತೆಗಿಬೇಡಿ ಅಂದ್ರೆ ಕೇಳಲ್ವಾ?

ನಿನ್ನೆ ಕೊಪ್ಪಳದ ಮದುವೆ ಮನೆಯಲ್ಲಿ ನೆಂಟರೊಬ್ಬರು ನನ್ನ ಫಿಲ್ಮ್ ಕ್ಯಾಮೆರಾ ಎತ್ತಿಕೊಂಡರು. "ಫೋಟೋ ಎಲ್ಲಿ ಕಾಣ್ತಾವಪ್ಪ ಇದ್ರಾಗ?" ಅಂತ ಹಿಂದಿನ ಮುಚ್ಚಳ ತೆಗೆದೇ ಬಿಟ್ಟರು. ಟಕ್! ಮಟಮಟ ಮಧ್ಯಾಹ್ನದ ಬಿಸಿಲು ನೇರ ಫಿಲ್ಮ್ ಮೇಲೆ.

ಕೊನೆಗೆ ತೆಗೆದ ಫ್ರೇಮ್‌ಗಳು ಫಿಲ್ಮ್ ಸುತ್ತಿನ ಹೊರಪದರದಲ್ಲಿರುತ್ತವೆ. ಮೊದಲು ಸುಡೋದೇ ಅವು. ಆನೆಗುಂದಿಯ ಹರಿಗೋಲು ಹೋಯ್ತು. ಅಜ್ಜಿ ರೊಟ್ಟಿ ಬಡಿಯುವ ಫೋಟೋ ಹೋಯ್ತು. ಅವಳ ಬೆರಳಿಗೆ ಜೋಳದ ಹಿಟ್ಟು ಮೆತ್ತಿತ್ತು, ಕಿಟಕಿ ಬೆಳಕು ಸರಿಯಾಗಿ ಅಲ್ಲೇ ಬಿದ್ದಿತ್ತು. ಅದನ್ನ ಮತ್ತೆ ಎಲ್ಲಿಂದ ತರಲಿ?

ಇದು ಮೊದಲ ಸಲವೂ ಅಲ್ಲ. ನನ್ನ ಹಳೇ ಯಾಶಿಕಾ ಕ್ಯಾಮೆರಾ ಹಿಡಿದರೆ "ಇದು ಓಡತ್ತಾ?" ಅಂತಾರೆ. ಅದಕ್ಕೆ ಹಾಕೋ '120' ಅನ್ನೋ ಅಗಲ ಫಿಲ್ಮ್‌ನ ಒಂದು ರೋಲ್‌ನಲ್ಲಿ ಬರೋದೇ 12 ಫೋಟೋ. "ಸುಮ್ನೆ ಇನ್ನೊಂದು ಹೊಡಿ" ಅಂತಾರೆ! ಕಪ್ಪು ಬಿಳುಪಿನ ಎಚ್‌ಪಿ5 ರೋಲನ್ನು ಕಲರ್ ಕೆಮಿಕಲ್‌ನಲ್ಲಿ ಅದ್ದಿ, ಚಿತ್ರವೆಲ್ಲ ಅಳಿಸಿ ಹೋದ ಖಾಲಿ ಪಟ್ಟಿ ಕೈಗಿಟ್ಟ ಸ್ಟುಡಿಯೋದವರೂ ಇದ್ದಾರೆ. ಕೇಳಿದರೆ "ನಿಮ್ ರೋಲೇ ಹಳೇದು ಸಾರ್". ಹಳೇದಾ? ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಜೋಪಾನ ಮಾಡಿದ್ದು ನಾನು!

ನೆಂಟರು ನಿನ್ನೆ ಸಂಜೆ ಮತ್ತೆ ಬಂದರು. "ನಮ್ಮ ಫೋಟೋ ವಾಟ್ಸಾಪ್‌ಗೆ ಹಾಕಪ್ಪ" ಅಂದರು. ಯಾವ ಫೋಟೋ ಹಾಕಲಿ?